ಕ್ಲೋದೀನಳ ಸಿನಿಮಾ, ಸನಮಡಿಯ ಕುರಿಗಳು

ವಿಜಯಪುರದ ಬಸ್ ನಿಲ್ದಾಣಕ್ಕೆ ಜತ್ತದ ಗಾಡಿ ಬಂದು ನಿಂತಾಗ ಬೆಳಗಿನ ಒಂಬತ್ತು ದಾಟಿತ್ತು. ಮಹಾರಾಷ್ಟ್ರದ ಕೆಂಪು ಎಸ್.ಟಿ. ಬಸ್ಸು. ನಮ್ಮ ಕಡೆಯ ಪದ್ಧತಿಯಂತೆ ನಾನು ಹೊರಗಿನಿಂದಲೇ ಕಿಟಕಿಯೊಳಗೆ ಕರವಸ್ತ್ರ ಎಸೆದು ಒಂದು ಸೀಟು ಹಿಡಿದೆ. ನನ್ನ ಜೊತೆಗಿದ್ದ ಕ್ಲೋದೀನಳಿಗೆ ಈ ಉಪಾಯ ಭಾರೀ ಹಿಡಿಸಿತು. ಅರವತ್ತೆಂಟು ವರ್ಷದ ಆಕೆ ಕೊರಳಿನ ಸ್ಕಾರ್ಫು ಬಿಚ್ಚಿ, ತಾನೂ ಗುರಿಯಿಟ್ಟು ಎಸೆದಳು. ಅದು ಒಳಗೆ ಬಗ್ಗಿ ನಿಂತಿದ್ದ ಕಂಡಕ್ಟರರ ತಲೆಯ ಮೇಲೆ ಬಿತ್ತು. ಅವರು ಅದನ್ನು ತಲೆಗೆ ಪಟಗದಂತೆ ಸುತ್ತಿಕೊಂಡು, “ಮುಂಜಮುಂಜಾನೆ ನನಗ ಮದವಿ ಆಯೇರಿ ಬಂತ ನೋಡ್ರಿ” ಅಂದರು. ಬಸ್ಸಿಗೆ ಬಸ್ಸೇ ನಕ್ಕಿತು, ನಮಗೆ ಎರಡು ಸೀಟೂ ಸಿಕ್ಕವು.

ಟಿಕೀಟಿನ ಲೆಕ್ಕ ಮಾತ್ರ ಮಜವಾಗಿತ್ತು. ಮಹಾರಾಷ್ಟ್ರದ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೀಟು, ಆದರೆ ಅದು ಗಡಿಯಿಂದಾಚೆಗೆ. ಗಡಿಯ ತನಕ ಪೂರ್ತಿ ಕೊಡಬೇಕು. “ಅಂದರೆ ಗಡಿ ದಾಟಿದ ಕೂಡಲೇ ನಾವು ಅರ್ಧ ಆಗುತ್ತೇವೆಯೇ?” ಎಂದು ಕ್ಲೋದೀನ್ ಕೇಳಿದಳು. ಜತ್ತಕ್ಕೆ ಎಪ್ಪತ್ತು ಕಿಲೋಮೀಟರಿನ ಹತ್ತಿರ. ಇಂಥ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುತ್ತ ಹೋದರೆ ನನಗೆ ಉಸಿರು ಸಾಲದು ಎಂದು ನಾನು ಚೀಲದಿಂದ ಶೇಂಗಾ ತೆಗೆದು ಆಕೆಯ ಕೈಗೆ ಕೊಟ್ಟೆ.

ನಮ್ಮಿಬ್ಬರ ಪರಿಚಯ ಹೇಳಿಬಿಡುತ್ತೇನೆ. ನಾನು ಹುಟ್ಟಿದ್ದು ವಿಜಯಪುರದಲ್ಲಿ, ಹೊಟ್ಟೆ ಹೊರೆಯುವುದು ಪುಣೆಯಲ್ಲಿ ಫ್ರೆಂಚ್ ಕಲಿಸಿ. ಕ್ಲೋದೀನ್ ದಕ್ಷಿಣ ಫ್ರಾನ್ಸಿನ ಗುಡ್ಡದ ಊರೊಂದರ ಬೇಕರಿಯವನ ಮಗಳು, ಆರು ಕಾದಂಬರಿ ಬರೆದವಳು. ಅವುಗಳಲ್ಲಿ ಎರಡನ್ನು ನಾನು ಕನ್ನಡಕ್ಕೆ ತಂದೆ. ಮೊದಲನೆಯದರ ಪ್ರತಿಗಳು ಖರ್ಚಾದವು. ಎರಡನೆಯದು ನಮ್ಮ ಮನೆಯ ಅಟ್ಟದ ಮೇಲೆ ಕಟ್ಟು ಬಿಚ್ಚದೆ ಆರಾಮಾಗಿದೆ. ವಯಸ್ಸಿನಲ್ಲಿ ನನಗಿಂತ ದೊಡ್ಡವಳಾದರೂ ಮೊದಲ ಭೇಟಿಯಲ್ಲೇ, ನನ್ನನ್ನು ಬಹುವಚನದಲ್ಲಿ ಮಾತಾಡಿಸಿದರೆ ಮುದುಕಿಯಾದೆ ಅನ್ನಿಸುತ್ತದೆ ಎಂದಳು. ಅಂದಿನಿಂದ ಏಕವಚನದ ಸಲುಗೆ. ಕಳೆದ ಹದಿನೆಂಟು ವರ್ಷಗಳಿಂದ ಆಕೆ ಒಂದು ಸಾಲು ಕಾದಂಬರಿಯನ್ನೂ ಬರೆದಿಲ್ಲ. ಸಿನಿಮಾ ಮಾಡುತ್ತಾಳೆ. ಮೂರನೆಯ ಸಿನಿಮಾ ಸನಮಡಿಯ ಒಂದು ಕುರಿ ಕಾಯುವ ಮನೆತನದ ಮೇಲೆ, ಬಿರಪ್ಪ ಮತ್ತು ಸತ್ಯವ್ವ ಎಂಬ ಗಂಡ ಹೆಂಡಿರ ಮೇಲೆ; ಅದರ ಚಿತ್ರೀಕರಣಕ್ಕೆ ನಾನೇ ದುಭಾಷಿ. ಹಿಂದಿನ ವರ್ಷ ಚಿತ್ರೀಕರಣ ಮುಗಿಸಿ ಆಕೆ ಊರಿಗೆ ಮರಳಿದ ಮೇಲೆ, ಮಳೆಗಾಲದಲ್ಲಿ ಬಿರಪ್ಪ ತೀರಿಕೊಂಡ. ನಾವೀಗ ಹೊರಟಿದ್ದು ಆ ಸಿನಿಮಾವನ್ನು ಸತ್ಯವ್ವನಿಗೆ ತೋರಿಸಲು.

ತೋರಿಸಲು ಎನ್ನುವುದಕ್ಕಿಂತ ಕೇಳಲು ಎನ್ನಬೇಕು. ಸಿನಿಮಾದಲ್ಲಿರುವವರು ಮೊದಲು ನೋಡಬೇಕು, ಅವರು ಹೂಂ ಎಂದರಷ್ಟೇ ಬೇರೆಯವರಿಗೆ, ಬೇಡ ಎಂದರೆ ಪೆಟ್ಟಿಗೆಗೆ. ಇದು ಕ್ಲೋದೀನ್ ತನಗೆ ತಾನೇ ಹಾಕಿಕೊಂಡ ಕಟ್ಟಳೆ. ಬಿರಪ್ಪನಿದ್ದಾಗ ಆತ, “ನೀವು ತಗೀರಿ, ನೋಡಿ ಹೇಳತೀನಿ” ಅಂದಿದ್ದ. ಈಗ ಹೇಳಬೇಕಾದವಳು ಆತನ ಹೆಂಡತಿ. ನಾನು ಫೋನು ಮಾಡಿದಾಗ ಆಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. “ಬರ್ರಿ ಅಕ್ಕಾರ, ರೊಟ್ಟಿ ತಿಂದ ಹೋಗೀರಂತ” ಅಂದಳು. ಇದು ತನ್ನ ಕೊನೆಯ ಸಿನಿಮಾ ಎಂದು ಕ್ಲೋದೀನ್ ಎಲ್ಲರಿಗೂ ಹೇಳಿಬಿಟ್ಟಿದ್ದಳು. ಹಾಗಾಗಿ ಆ ರೊಟ್ಟಿಯ ಚಿಂತೆಯಲ್ಲಿ ಆಕೆ ವಿಮಾನದಲ್ಲಿ ನಿದ್ದೆಯನ್ನೇ ಮಾಡಿರಲಿಲ್ಲ.

ತಿಕೋಟಾ ದಾಟಿದ ಮೇಲೆ ಎರಡೂ ಕಡೆ ದ್ರಾಕ್ಷಿ ತೋಟಗಳು, ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಹಸಿರು ಬಲೆಯ ಶೆಡ್ಡುಗಳು. ಸಂಕ್ರಮಣ ಹತ್ತಿರವಿತ್ತು; ಬಿಸಿಲು ಹಿತವಾಗಿ ಬೆನ್ನು ಕಾಯಿಸುತ್ತಿತ್ತು, ಬಿಳಿಜೋಳ ತೆನೆ ಹೊತ್ತು ನಿಂತಿತ್ತು. ಕ್ಲೋದೀನ್ ಶೇಂಗಾ ಸಿಪ್ಪೆಯನ್ನು ಕಿಟಕಿಯಾಚೆ ಎಸೆಯದೆ ತನ್ನ ಕೈಚೀಲಕ್ಕೇ ತುಂಬಿಕೊಳ್ಳುತ್ತ, ನಾನು ಎಷ್ಟೋ ವರ್ಷದಿಂದ ಕೇಳಬೇಕೆಂದು ಕೇಳದೆ ಬಿಟ್ಟಿದ್ದ ಮಾತನ್ನು ತಾನಾಗಿ ಎತ್ತಿದಳು.

“ನೀನು ಅನುವಾದ ಮಾಡಿದ ಎರಡನೆಯ ಕಾದಂಬರಿಯಲ್ಲಿ ಬೇಕರಿಯವನ ದೊಡ್ಡ ಮಗಳು ಬರುತ್ತಾಳಲ್ಲ, ಆಕೆ ನನ್ನ ಅಕ್ಕ ಎಲೆನ್.”

ನಿಶ್ಚಯವಾದ ಮದುವೆ ಮುರಿದು, ಆ ಸಂಗತಿಯನ್ನು ಊರಿಗೆ ಗೊತ್ತಾಗದಂತೆ ಮುಚ್ಚಿಟ್ಟು, ಮರುದಿನ ಬೆಳಿಗ್ಗೆ ಎಂದಿನಂತೆ ಗಲ್ಲೆಯ ಮೇಲೆ ಕೂತು ಬ್ರೆಡ್ಡು ಮಾರುವ ಹುಡುಗಿ ಅದು. ಆ ಅಧ್ಯಾಯವನ್ನು ಅನುವಾದಿಸುವಾಗ ನಾನು ಎಷ್ಟು ಹೊಗಳಿದ್ದೆ! ಆ ಪುಸ್ತಕಕ್ಕೆ ಬಹುಮಾನ ಬಂದು, ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ ಬಿಟ್ಟು ಕ್ಲೋದೀನ್ ಪೂರ್ತಿ ಬರವಣಿಗೆಗೇ ನಿಂತಳು. ಎಲೆನಳಿಗೆ ಮಾತ್ರ ತನ್ನ ಕಥೆ ತಂಗಿಯ ಪುಸ್ತಕದಲ್ಲಿದೆ ಎಂದು ಮೊದಲು ಹೇಳಿದವರು ಅಂಗಡಿಗೆ ಬಂದ ಗಿರಾಕಿಗಳು. ಅಂದಿನಿಂದ ಅಕ್ಕ ತಂಗಿ ಮಾತಾಡಿಲ್ಲ. ಎಲೆನ್ ಈಗಲೂ ಇದ್ದಾಳೆ, ಅದೇ ಊರಲ್ಲಿ.

“ಕ್ಯಾಮೆರಾ ಒಳ್ಳೆಯದು” ಎಂದಳು ಕ್ಲೋದೀನ್. “ಮುಂದೆ ಇಟ್ಟರೆ ಎದುರಿನವರಿಗೆ ಕಾಣುತ್ತದೆ. ಬೇಡ ಎಂದು ಕೈ ಅಡ್ಡ ಹಿಡಿಯಬಹುದು. ಕಾದಂಬರಿಕಾರಳು ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಲೇ ನಿಮ್ಮನ್ನು ಒಯ್ದಿರುತ್ತಾಳೆ.”

ಆಕೆ ಸಿನಿಮಾಕ್ಕೆ ಬಂದದ್ದು ಜಗಳಾಡಲು ಹೋಗಿ. ತನ್ನ ನಾಲ್ಕನೆಯ ಕಾದಂಬರಿಯನ್ನು ಹುಡುಗನೊಬ್ಬ ಸಿನಿಮಾ ಮಾಡುತ್ತಿದ್ದಾನೆ, ಕೆಡಿಸುತ್ತಿದ್ದಾನೆ ಎಂದು ಕೇಳಿ ಚಿತ್ರೀಕರಣದ ಜಾಗಕ್ಕೆ ಬೈಯಲು ಹೋದಳಂತೆ. ಅಲ್ಲಿ ನಟಿಯೊಬ್ಬಳು ಆಕೆಯನ್ನು ಪಕ್ಕಕ್ಕೆ ಕರೆದು, ಈ ಮಾತು ಆಡುವಾಗ ಈ ಹೆಂಗಸಿನ ಕೈ ಏನು ಮಾಡುತ್ತಿರುತ್ತದೆ ಎಂದು ಕೇಳಿದಳು. ಮೂವತ್ತು ಪುಟ ಆ ಹೆಂಗಸಿನ ಮನಸ್ಸನ್ನು ಬರೆದಿದ್ದ ಕ್ಲೋದೀನಳಿಗೆ ಆಕೆಯ ಕೈ ಎಲ್ಲಿದೆ ಎಂದೇ ತಿಳಿದಿರಲಿಲ್ಲ. ಬೈಯುವುದನ್ನು ಬಿಟ್ಟು ಕೊನೆಯ ದಿನದ ತನಕ ಅಲ್ಲೇ ಉಳಿದುಬಿಟ್ಟಳು. ಆಗ ಆಕೆಗೆ ಐವತ್ತು. ಮೊದಲ ಸಿನಿಮಾವನ್ನು ಹಿಟ್ಟು ನಾದುವವರ ಮೇಲೆ ಮಾಡಿದಳು, ಎರಡನೆಯದನ್ನು ಒಬ್ಬ ದೋಣಿಯವನ ಮೇಲೆ. ಎರಡೂ ಅಷ್ಟೇನೂ ಓಡಲಿಲ್ಲ. ಆದರೆ ದೋಣಿಯವನು ನೋಡಿ ಹೂಂ ಅಂದನಲ್ಲ, ಅಷ್ಟು ಸಾಕು ಎಂದಳು.

ಜತ್ತಕ್ಕೆ ಇಳಿದಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ನಿಲ್ದಾಣದ ಎದುರಿಗೆ ಮಿಸಳ ತಿಂದೆವು. ಖಾರಕ್ಕೆ ಕ್ಲೋದೀನಳ ಮೂಗು, ಕಣ್ಣು ಎಲ್ಲ ಒಟ್ಟಿಗೆ ಹರಿದವು, ಆದರೂ ತಾಟು ಬಿಡಲಿಲ್ಲ. ಮೂರು ವರ್ಷದ ಹಿಂದೆ ಆಕೆಯನ್ನು ನಮ್ಮ ವಿಜಯಪುರ ತೋರಿಸಲು ಕರೆತರುವಾಗ ಇದೇ ತಾಲೂಕಿನ ರಸ್ತೆಯ ಮೇಲೆ ಕುರಿ ಹಿಂಡು ನಮ್ಮ ಕಾರು ತಡೆದಿತ್ತು. ನಮ್ಮ ಚಾಲಕ ಹಾರ್ನು ಒತ್ತಿದ. ಅತ್ತ ಒಬ್ಬ ಉದ್ದನೆಯ ಮನುಷ್ಯ ಕೋಲು ಎತ್ತಿ, ನಾಲಿಗೆ ಮಡಿಚಿ, “ಹುರ್ರ್ರ್ರ... ಹೋಓ... ಹೋ!” ಎಂದು ಒಂದು ಕೂಗು ಹಾಕಿದ. ಅಷ್ಟೂ ಕುರಿ ಒಮ್ಮೆಲೇ ತಿರುಗಿ ಆತನ ಬೆನ್ನು ಹತ್ತಿದವು. ಎಂಜಿನ್ ಆರಿಸು ಎಂದು ಕ್ಲೋದೀನ್ ಚಾಲಕನ ಭುಜ ಹಿಡಿದು ಅಲ್ಲಾಡಿಸಿದ್ದು ನನಗೆ ನೆನಪಿದೆ. ಆ ಮನುಷ್ಯನೇ ಬಿರಪ್ಪ.

ಜತ್ತದಿಂದ ಮುಂದೆ ವಡಾಪ ಹಿಡಿದೆವು. ಜೀಪಿಗೆ ಜನ ತುಂಬುವ ತನಕ ಹೊರಡದ, ತುಂಬಿದ ಮೇಲೂ ಹೊರಡದ ವಾಹನಕ್ಕೆ ಈ ಕಡೆ ವಡಾಪ ಅನ್ನುತ್ತಾರೆ. ತಲೆಗೆ ಐವತ್ತು ರೂಪಾಯಿ. ಫ್ರಾನ್ಸಿನಿಂದ ಹೊತ್ತು ತಂದ ಒಂದು ಸ್ಪೀಕರು ಕ್ಲೋದೀನಳ ತೊಡೆಯ ಮೇಲಿತ್ತು. ಅದನ್ನು ಯಾರಿಗೂ ಕೊಡಲೊಲ್ಲಳು. ಕುಣಿಕೋಣೂರ ಕಡೆಯ ಒಬ್ಬ ಹಿರಿಯ, “ಬಾಯಿಯವರ ಪೆಟಗ್ಯಾಗ ಏನೈತ್ರಿ?” ಎಂದು ಕೇಳಿದ. ಆವಾಜ ಐತ್ರಿ ಅಂದೆ. ಆತ ಮಂಡಿ ಸರಿಸಿ ಜಾಗ ಮಾಡಿಕೊಟ್ಟು, “ಹಂಗಾರ ಸಾವಕಾಸ ಹಿಡಕೋರಿ” ಅಂದ. ಗುಡ್ಡದ ಮೇಲೆ ಗಾಳಿ ವಿದ್ಯುತ್ತಿನ ದೊಡ್ಡ ಪಂಖಗಳು ಅವಸರವಿಲ್ಲದೆ ತಿರುಗುತ್ತಿದ್ದವು.

ಸನಮಡಿಯ ಕನ್ನಡ ಸಾಲೆಯ ಗುರುಜಿ ರಸ್ತೆಗೇ ಬಂದು ಕಾಯುತ್ತಿದ್ದರು. ಪ್ರೊಜೆಕ್ಟರು ಸಾಲೆಯದು. ಅದನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಮೋಟಾರ್ ಸೈಕಲ್ಲಿಗೆ ಕಟ್ಟಿದ್ದರು. ಸಮಾಜ ಮಂದಿರದ ಗೋಡೆಗೆ ತೋರಿಸುವುದು ಚಲೋ, ಊರ ಮಂದಿಯೆಲ್ಲ ಕೇಳುತ್ತಿದ್ದಾರೆ ಎಂದರು. ಆದರೆ ಸತ್ಯವ್ವನ ಮಾತು ಬೇರೆ ಇತ್ತು. “ಮೊದಲ ನಾ ನೋಡಬೇಕು. ನಮ್ಮ ವಸ್ತಿ ಮ್ಯಾಲ ತೋರಸ್ರಿ, ಊರಾಗ ಆಮ್ಯಾಲ” ಎಂದು ಹೇಳಿ ಕಳಿಸಿದ್ದಳು. ಹೊಲದಲ್ಲಿ ಕಟ್ಟಿಕೊಂಡ ಒಂಟಿ ಮನೆಗೆ ಇಲ್ಲಿ ವಸ್ತಿ ಅನ್ನುತ್ತಾರೆ. ಊರಿನಿಂದ ಎರಡು ಕಿಲೋಮೀಟರು ಮಾಳದ ಮೇಲೆ, ಹುಲ್ಲಿನ ಬಯಲಿನಲ್ಲಿ, ನಡೆದೆವು.

ಸತ್ಯವ್ವ ಅಂಗಳದಲ್ಲಿ ಸಜ್ಜೆ ಕೇರುತ್ತಿದ್ದಳು. ನಮ್ಮನ್ನು ಕಂಡು ಮೊರ ಕೆಳಗಿಟ್ಟು ಎದ್ದಳು. ಅರವತ್ತರ ಹತ್ತಿರದ ಹೆಂಗಸು. ಹಿಂದಿನ ವರ್ಷ ಹಣೆಯ ತುಂಬ ಕುಂಕುಮವಿತ್ತು, ಈಗ ಆ ಜಾಗದಲ್ಲಿ ಹಚ್ಚೆ ಮಾತ್ರ ಕಾಣುತ್ತಿತ್ತು. ಕ್ಲೋದೀನಳ ಎರಡೂ ಕೈ ಹಿಡಿದು, “ಬರ್ರಿ ಕ್ಲೋದೀನಬಾಯಿ, ಕುಂದ್ರಿ. ಭಾಳ ಸೊರಗೀರಿ. ನಿಮ್ಮ ದೇಶದಾಗ ಉಣ್ಣಾಕ ಹಾಕಂಗಿಲ್ಲನ?” ಅಂದಳು. ನಾನು ಅದನ್ನು ಫ್ರೆಂಚಿಗೆ ಹೇಳುವ ಮೊದಲೇ ಕ್ಲೋದೀನ್ ಅಳತೊಡಗಿದಳು. ಸತ್ಯವ್ವ ಅಳಲಿಲ್ಲ. ಸೊಸೆ ಲಕ್ಕವ್ವನಿಗೆ ಚಹಾಕ್ಕಿಡಲು ಹೇಳಿದಳು. ಕುರಿಯ ಹಾಲಿನ ಚಹಾ, ದಪ್ಪಗೆ, ಸಿಹಿಯಾಗಿ, ಸ್ವಲ್ಪ ಕಂಟು ವಾಸನೆಯದು. ಎರಡನೆಯ ಲೋಟವನ್ನು ನಾನೇ ಬಾಯಿಬಿಟ್ಟು ಕೇಳಿದೆ.

ಹೊತ್ತು ಮುಳುಗುವಾಗ ಮಗ ಮಾಯಪ್ಪ ಹಿಂಡು ಹೊಡೆದುಕೊಂಡು ಬಂದ. ಮೂವತ್ತರ ಗಟ್ಟಿ ಆಳು. ಮಾಡಗ್ಯಾಳ ತಳಿಯ ಕುರಿಗಳು, ಗಿಳಿಯ ಕೊಕ್ಕಿನಂತೆ ಬಾಗಿದ ಮೂಗು, ಬಿಳಿ ಮೈಯ ಮೇಲೆ ಕಂದು ಮಚ್ಚೆ, ಎತ್ತರದ ಕಾಲು. ಸಂತೆಗೆ ಒಯ್ದರೆ ಒಂದೊಂದು ಟಗರಿನ ಸುತ್ತ ಜನ ಮದುಮಗನನ್ನು ನೋಡುವಂತೆ ನಿಲ್ಲುತ್ತಾರಂತೆ. ಮಾಯಪ್ಪನ ಕೂಗು ಅಪ್ಪನದರಂತಿರಲಿಲ್ಲ, ಚಿಕ್ಕದು, ಬಾಯಲ್ಲಿ ಎರಡು ಸಲ ಸೀಟಿ ಹೊಡೆದಂಥದು. ಕುರಿಗಳು ಕೇಳಿ, ನಿಂತು, ಮತ್ತೊಮ್ಮೆ ಕೇಳಿ, ಆಮೇಲೆ ಗೂಟಕ್ಕೆ ಬಲೆ ಕಟ್ಟಿ ಮಾಡಿದ ದಡ್ಡಿಯೊಳಗೆ ಹೋದವು.

ಕತ್ತಲಾಗುತ್ತಿದ್ದಂತೆ ಗೋಡೆಗೆ ಬಿಳಿ ಚಾದರ ಕಟ್ಟಿದೆವು. ಗುರುಜಿ ಪ್ರೊಜೆಕ್ಟರು ಹಚ್ಚಿದರು. ಕ್ಲೋದೀನ್ ತನ್ನ ಸ್ಪೀಕರನ್ನು ಮೂರು ಸಲ ಜಾಗ ಬದಲಿಸಿ, ಕೊನೆಗೆ ಅಂಗಳದ ಅಂಚಿಗೆ ಕಲ್ಲಿನ ಮೇಲಿಟ್ಟಳು. ಅಲ್ಲಿಂದ ದಡ್ಡಿ ಹತ್ತು ಮಾರು ಕೂಡ ಇರಲಿಲ್ಲ. ತಿಂಗಳುಗಟ್ಟಲೆ ಆ ಸಿನಿಮಾದ ಸದ್ದನ್ನು ಒಂದೊಂದೇ ಎಳೆಯಾಗಿ ಜೋಡಿಸಿದವಳು, ಸತ್ಯವ್ವನಿಗೆ ಪೂರ್ತಿ ಕೇಳಿಸಬೇಕು ಎಂಬ ಆಸೆ ಆಕೆಗೆ. ಕುರಿಗಳ ಯೋಚನೆ ನಮಗೆ ಯಾರಿಗೂ ಬರಲಿಲ್ಲ. ಹುಟ್ಟಿದಂದಿನಿಂದ ಕುರಿಗಳ ನಡುವೆಯೇ ಇದ್ದ ಮಾಯಪ್ಪನಿಗೂ ಬರಲಿಲ್ಲ. ಸಿನಿಮಾ ಅಂದರೆ ಮಂದಿಗೆ ಎಂದೇ ಎಲ್ಲರ ಲೆಕ್ಕ.

ಆ ಸಿನಿಮಾ ಶುರುವಾಗುವುದು ಕತ್ತಲೆಯಿಂದ. ಪರದೆಯ ಮೇಲೆ ಏನೂ ಇಲ್ಲ. ಮೊದಲು ಗಾಳಿ, ಆಮೇಲೆ ಬಿರಪ್ಪನ ಕೂಗು.

“ಹುರ್ರ್ರ್ರ... ಹೋಓ... ಹೋ!”

ಮೊದಲು ಎದ್ದದ್ದು ನಾಯಿ. ಒಲೆಯ ಬಳಿ ಮಲಗಿದ್ದದ್ದು ಒಂದೇ ಜಿಗಿತಕ್ಕೆ ಸ್ಪೀಕರಿನ ಮುಂದೆ ಬಂದು, ಅದನ್ನು ಸುತ್ತಿ, ಮೂಸಿ, ಕುಂಯ್‌ಗುಟ್ಟಿತು. ಎರಡನೆಯ ಕೂಗಿಗೆ ದಡ್ಡಿಯೊಳಗಿನ ಕುರಿಗಳೆಲ್ಲ ಎದ್ದು ನಿಂತವು. ಮೂರನೆಯದಕ್ಕೆ ಗೂಟ ಕಿತ್ತು ಬಂತು, ಬಲೆ ಮಲಗಿತು, ಇಡೀ ಹಿಂಡು ಅಂಗಳಕ್ಕೆ ನುಗ್ಗಿತು. ನಾನು ಕಟ್ಟೆಗೆ ಹಾರಿದೆ. ಈ ವಯಸ್ಸಿನಲ್ಲಿ ಅಷ್ಟು ಎತ್ತರ ಹಾರಬಲ್ಲೆ ಎಂದು ಗೊತ್ತಿರಲಿಲ್ಲ. ಗುರುಜಿ ಪ್ರೊಜೆಕ್ಟರನ್ನು ಎದೆಗವಚಿಕೊಂಡು ನಿಂತರು, ಬೆಳಕು ಆಕಾಶಕ್ಕೆ ಹೋಯಿತು. ಮಾಯಪ್ಪ ತನ್ನ ಸೀಟಿ ಹೊಡೆದ, ಮತ್ತೆ ಹೊಡೆದ. ಒಂದು ಕುರಿಯೂ ಆತನ ಕಡೆ ತಿರುಗಲಿಲ್ಲ. ಅವೆಲ್ಲ ಕಲ್ಲಿನ ಮೇಲಿನ ಆ ಪೆಟ್ಟಿಗೆಯ ಸುತ್ತ ಒತ್ತೊತ್ತಾಗಿ ನಿಂತು, ಕುತ್ತಿಗೆ ಚಾಚಿ, ಕಾಯುತ್ತಿದ್ದವು.

“ಬಂದ ಮಾಡ್ರಿ!” ಎಂದಳು ಸತ್ಯವ್ವ. ಆಕೆ ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಕ್ಲೋದೀನ್ ಕುರಿಗಳ ನಡುವೆ ತೂರಿ ಹೋಗಿ ಸ್ಪೀಕರು ಆರಿಸಿದಳು. ಹಿಂಡು ಚದುರಲಿಲ್ಲ. ಒಂದೊಂದನ್ನೇ ಕಿವಿ ಹಿಡಿದು, ತೋಳಲ್ಲಿ ದೂಡಿ ದಡ್ಡಿಗೆ ಸೇರಿಸಬೇಕಾಯಿತು. ಮಾಯಪ್ಪನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಸತ್ಯವ್ವ ತಾಟು ಇಟ್ಟು, “ಉಣ್ರಿ ಮೊದಲ” ಎಂದಳು. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಇಷ್ಟು ರುಚಿಯಾದ ಊಟವನ್ನು ಇಷ್ಟು ಅಪರಾಧಿಗಳಂತೆ ನಾವು ಎಂದೂ ಉಂಡಿರಲಿಲ್ಲ. ಲಕ್ಕವ್ವ ಹಾಸಿಕೊಟ್ಟ ಕಂಬಳಿಯ ಮೇಲೆ ಮಲಗಿದಾಗ ಕ್ಲೋದೀನ್ ಹೇಳಿದ್ದು ಒಂದೇ ಮಾತು: “ಮತ್ತೆ ಕೇಳದೆ ಒಯ್ದೆ ನೋಡು.” ಅಲ್ಲ ಎಂದು ನಾನು ವಾದ ಮಾಡಿದೆ. ಆಕೆ ಗೋಡೆಯ ಕಡೆ ಹೊರಳಿದಳು.

ಬೆಳಿಗ್ಗೆ ಎದ್ದಾಗ ಚಳಿ ಕಚ್ಚುತ್ತಿತ್ತು. ಹಿಂಡು ಇನ್ನೂ ಮೇಯಲು ಹೊರಟಿರಲಿಲ್ಲ. ಕುರಿಗಳು ದಡ್ಡಿಯ ಈ ಮಗ್ಗುಲಿಗೇ ಅಂಟಿಕೊಂಡು, ನಿನ್ನೆ ಸ್ಪೀಕರು ಇಟ್ಟ ಕಲ್ಲಿನ ಕಡೆ ಮುಖ ಮಾಡಿ ನಿಂತಿದ್ದವು. ಮಾಯಪ್ಪ ಕರೆಯುತ್ತಿದ್ದ, ಅವು ಬರುತ್ತಿರಲಿಲ್ಲ.

ಸತ್ಯವ್ವ ನಮ್ಮ ಪಕ್ಕ ಬಂದು ಕುಳಿತಳು. ನಾನು ಆಕೆಯ ಮಾತನ್ನು ಕ್ಲೋದೀನಳಿಗೆ ಹೇಳುತ್ತ ಹೋದೆ.

“ಅವರು ಹೋದ ಮ್ಯಾಲೆ ಹಿಂಗ ನಿಲ್ಲತಿದ್ದವು ನೋಡ್ರಿ. ಅವರು ಬರೂ ದಾರಿ ಕಡೆ ಮಾರಿ ಮಾಡಿ. ಮೇಯವಲ್ಲವು, ನೀರ ಕುಡೀವಲ್ಲವು. ಮಾಯಪ್ಪ ಕೂಗಿ ಕೂಗಿ ಗಂಟಲ ಹರಕೊಂಡ. ನನಗ ಅವರ ಕೂಗ ಬರತೈತ್ರಿ. ಹೂಬೇಹೂಬ ಅವರಂಗ ಬರತೈತಿ. ನಾ ಒಂದ ಸಲ ಕೂಗಿದ್ರ ಎಲ್ಲಾ ಬರತಿದ್ದವು. ನಾ ಕೂಗಲಿಲ್ಲ. ಬಾಯಾಗ ಸೆರಗ ತುರಕೊಂಡ ಕುಂತೆ.”

“ಯಾಕ್ರಿ ಸತ್ಯಕ್ಕಾ?” ಎಂದೆ.

“ನಾ ಕೂಗಿದ್ರ ಅವು ಮಾಯಪ್ಪನ್ವು ಹ್ಯಾಂಗ ಆಗತಾವ? ಕುರಿ ಒಂದ ದನಿಗೆ ನಡೀಬೇಕ್ರಿ. ಎರಡ ಆದ್ರ ದಾರಿ ತಪ್ಪತಾವ. ಐದ ತಿಂಗಳ ಆತು. ಈಗೀಗ ಇವನ ಮಾತ ಕೇಳಾಕ ಹತ್ತಿದ್ವು.”

ಕ್ಲೋದೀನ್ ನೆಲ ನೋಡುತ್ತ ಕೇಳಿಸಿಕೊಂಡಳು. ಆ ಕೂಗನ್ನು ತೆಗೆದುಬಿಡುತ್ತೇನೆ ಎಂದು ಹೇಳು ಅಂದಳು. ನಾನು ಹೇಳಲಿಲ್ಲ. ಕೂಗು ತೆಗೆದರೆ ಆ ಸಿನಿಮಾದಲ್ಲಿ ಉಳಿಯುವುದು ಹುಲ್ಲು ಮತ್ತು ಗಾಳಿ ಎಂದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಸತ್ಯವ್ವನೇ ಎದ್ದಳು.

“ಒಳಗ ಬರ್ರಿ. ಉಳದದ್ದ ತೋರಸ್ರಿ. ಆವಾಜ ಬ್ಯಾಡ.”

ಒಳಕೋಣೆಯ ಬಾಗಿಲು ಮುಂದೆ ಮಾಡಿ, ಜೋಳದ ಚೀಲದ ಮೇಲೆ ಲ್ಯಾಪ್‌ಟಾಪು ಇಟ್ಟು ಮೂವರೂ ಕುಳಿತೆವು. ಸದ್ದಿಲ್ಲದ ಪರದೆಯ ಮೇಲೆ ಬಿರಪ್ಪ ಬಂದ. ಕ್ಯಾಮೆರಾದ ಹತ್ತಿರ ಮುಖ ತಂದು ಏನೋ ಹೇಳಿದ. ಸತ್ಯವ್ವನ ಬಾಯಿಂದ ಮಾತು ತಾನಾಗಿ ಬಂತು: “ಮೂಗ ಒಂದ ಚಂದ ತಗೀರಿ, ಮಾಡಗ್ಯಾಳ ಟಗರಿನ ಮೂಗ ಐತಿ ನಂದು.” ಸಿನಿಮಾದಲ್ಲಿ ಆತ ಹೇಳಿದ್ದು ಅಕ್ಷರ ಬಿಡದೆ ಅದೇ. ಅಲ್ಲಿಂದ ಮುಂದೆ ಆತನ ಮಾತನ್ನೆಲ್ಲ ಆಕೆಯೇ ಆಡಿದಳು. ಚಹಾಕ್ಕೆ ಸಕ್ಕರೆ ಕಡಿಮೆಯಾಯಿತೆಂದು ಬೈದದ್ದು, ಆಕೆ ತಿರುಗಿ ಬೈದದ್ದು, ಮರಿಯ ಬಾಯಿಗೆ ಬೆರಳಿಟ್ಟು ಹಾಲು ಕುಡಿಯಲು ಕಲಿಸುವಾಗ ಗೊಣಗಿದ್ದು. ಎಲ್ಲಿ ಆತ ಕೋಲು ಎತ್ತಿ ಬಾಯಿ ತೆರೆದು ಕೂಗುತ್ತಾನೋ ಅಲ್ಲಿ ಮಾತ್ರ ಆಕೆ ತುಟಿ ಬಿಗಿಹಿಡಿದು ಸುಮ್ಮನಾಗುತ್ತಿದ್ದಳು. ಕ್ಲೋದೀನ್ ಪರದೆ ನೋಡುವುದನ್ನು ಬಿಟ್ಟು ಸತ್ಯವ್ವನನ್ನೇ ನೋಡುತ್ತಿದ್ದಳು. ನಾನು ಅನುವಾದ ಮಾಡಲಿಲ್ಲ. ಇಷ್ಟು ವರ್ಷದ ಕಸುಬಿನಲ್ಲಿ ನನ್ನ ಅಗತ್ಯವೇ ಇಲ್ಲದ ಸಂದರ್ಭ ಅದು, ನನಗೆ ಅದು ಬಹಳ ಸುಖ ಕೊಟ್ಟಿತು.

ಒಂದು ಕಡೆ ಬಿರಪ್ಪ ಕೆಮ್ಮುತ್ತಾನೆ. ಆಗ ಅದು ಬರಿಯ ಕೆಮ್ಮು ಎಂದು ಎಲ್ಲರೂ ಅಂದುಕೊಂಡಿದ್ದರು. ಕ್ಲೋದೀನ್ ಚಿತ್ರ ನಿಲ್ಲಿಸಿ, ಇದು ಇರಲೋ ಬೇಡವೋ ಎಂಬಂತೆ ನೋಡಿದಳು.

“ಇರಲಿ” ಎಂದಳು ಸತ್ಯವ್ವ. “ಕೆಮ್ಮತಿದ್ರಲ್ಲ.”

ಸಿನಿಮಾ ಮುಗಿಯಿತು. ಹೊರಗೆ ಕುರಿಗಳ ಕೊರಳ ಗಂಟೆಯ ಸದ್ದು ಕೇಳಿಸಿತು. ಹಸಿವು ತಡೆಯದೆ ಮೊದಲು ಎರಡು ಕುರಿ, ಆಮೇಲೆ ಹಿಂಡೆಲ್ಲ ಮಾಯಪ್ಪನ ಹಿಂದೆ ಹೊರಟಿತ್ತು. ಸತ್ಯವ್ವ ಬಾಗಿಲ ಸಂದಿಯಿಂದ ಅದನ್ನು ನೋಡಿ ಖಾತ್ರಿ ಮಾಡಿಕೊಂಡು, ಬಂದು ಕುಳಿತು, ತೀರ್ಪು ಹೇಳಿದಳು.

“ಬಾಯಿಯವರಿಗೆ ಹೇಳ್ರಿ ಅಕ್ಕಾರ. ಅವರ ದೇಶದಾಗ ತೋರಸಲಿ. ಕೂಗೂ ಇರಲಿ, ಏನೂ ತಗೀಬ್ಯಾಡ್ರಿ. ಅಲ್ಲಿ ನಮ್ಮ ಕುರಿ ಇಲ್ಲಲಾ, ಎಷ್ಟ ಬೇಕಾದಷ್ಟ ಕೂಗಲಿ. ನಮ್ಮವರು ಹುಟ್ಟಿದಾಗಿಂದ ಈ ಮಾಳ ಬಿಟ್ಟ ಹೋದವರಲ್ಲ, ಅಷ್ಟ ದೂರ ಹೋಗಿ ಬರಲಿ. ಆದ್ರ ಈ ಕಡೆ ಬ್ಯಾಡ. ಊರಾಗೂ ಬ್ಯಾಡ, ಮೊಬೈಲದಾಗೂ ಬ್ಯಾಡ. ಮೊಬೈಲದಾಗ ಬಂದ್ರ ಯಾವನರ ಹುಡುಗ ಮಾಳದ ಮ್ಯಾಲ ಹಚ್ಚತಾನ.”

ಮೊಬೈಲಿನಲ್ಲಿ ಬೇಡ ಎಂದರೆ ಏನೆಂದು ಸತ್ಯವ್ವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಈಗಿನ ಸಿನಿಮಾಗಳು ನಾಲ್ಕು ದಿನ ಥಿಯೇಟರಿನಲ್ಲಿದ್ದು ಮಿಕ್ಕ ಆಯುಷ್ಯವನ್ನು ಮೊಬೈಲಿನಲ್ಲೇ ಕಳೆಯುತ್ತವೆ. ಅದನ್ನು ಬಿಟ್ಟರೆ ಕ್ಲೋದೀನ್ ತನ್ನ ಕೊನೆಯ ಸಿನಿಮಾವನ್ನು ಊರೂರಿಗೆ ಕೈಯಲ್ಲಿ ಹಿಡಿದು ಒಯ್ಯಬೇಕು, ಒಯ್ದಲ್ಲಿ ಬಂದಷ್ಟು ಜನ. ನಾನು ಪೂರ್ತಿ ಬಿಡಿಸಿ ಹೇಳಿದೆ. ಆಕೆ ಒಂದು ಕ್ಷಣವೂ ತಡೆಯಲಿಲ್ಲ. ಸತ್ಯವ್ವನ ಮಂಡಿಯ ಮೇಲೆ ಕೈಯಿಟ್ಟು, ತನಗೆ ಬರುವ ನಾಲ್ಕಾರು ಕನ್ನಡ ಮಾತುಗಳಲ್ಲಿ ಒಂದನ್ನು ಆಡಿದಳು: “ಆಯ್ತ್ರಿ.” ಆಮೇಲೆ ನನ್ನ ಕಡೆ ತಿರುಗಿ, “ಎಲೆನಳನ್ನೂ ಹೀಗೇ ಕೇಳಿದ್ದರೆ ಆಕೆಯೂ ಏನಾದರೊಂದು ದಾರಿ ಹೇಳುತ್ತಿದ್ದಳೇನೋ” ಎಂದಳು. ಊರಿಗೆ ಹೋದ ಮೇಲೆ ಈ ಸಿನಿಮಾವನ್ನು ಮೊದಲು ಅಕ್ಕನ ಊರಿನಲ್ಲಿ ತೋರಿಸುತ್ತೇನೆ, ಬಂದರೆ ಬರಲಿ ಎಂದೂ ಹೇಳಿದಳು. ನನಗೆ ಮನಸ್ಸು ಹಗುರಾಯಿತು. ಸತ್ಯವ್ವ ಶೇಂಗಾ ಹೋಳಿಗೆ ತಂದಿಟ್ಟಳು, ನಿನ್ನೆ ಉಣ್ಣಲಾರದ್ದನ್ನೂ ಸೇರಿಸಿ ಉಂಡೆವು.

ಹನ್ನೊಂದರ ವಡಾಪ ವಸ್ತಿಯ ಕೆಳಗೆ ಹಾಯುವ ಇನ್ನೊಂದು ರಸ್ತೆಗೆ ಬಂದು ಹಾರ್ನು ಹೊಡೆಯತೊಡಗಿತು. ನಮ್ಮನ್ನು ಕಳಿಸಿಕೊಡಲು ಬಂದಿದ್ದ ಗುರುಜಿ ಜೀಪಿನವನನ್ನು ನಿಲ್ಲಿಸಲು ಓಡಿದರು. ನಾವು ಚಪ್ಪಲಿ ಮೆಟ್ಟುವಾಗ ಸತ್ಯವ್ವ ನನ್ನ ಸೆರಗು ಜಗ್ಗಿದಳು. ಲಕ್ಕವ್ವನಿಗೆ ಕೇಳಿಸದಷ್ಟು ಮೆಲ್ಲಗೆ ಕೇಳಿದಳು.

“ಅಕ್ಕಾರ, ಹುಡುಗೂರು ಕಿವ್ಯಾಗ ಇಟಗೊಂಡ ಹಾಡ ಕೇಳತಾವಲ್ಲ, ಹೊರಗ ಕೇಳಸಂಗಿಲ್ಲ. ಅಂಥಾದ್ದ ಬಾಯಿಯವರ ಹಂತ್ಯಾಕ ಐತೇನ್ರಿ?”

ಕ್ಲೋದೀನ್ ಕೈಚೀಲವನ್ನು ಅಲ್ಲೇ ನೆಲಕ್ಕೆ ಸುರುವಿದಳು. ಶೇಂಗಾ ಸಿಪ್ಪೆಯ ನಡುವಿನಿಂದ, ಸದ್ದು ಹಿಡಿಯಲು ಆಕೆ ಸದಾ ಇಟ್ಟುಕೊಳ್ಳುವ, ಬಿರಪ್ಪನ ಕೂಗು ಇನ್ನೂ ಒಳಗಿದ್ದ ಅಂಗೈಯಗಲದ ಯಂತ್ರವನ್ನೂ ಅದರ ಇಯರ್‌ಫೋನನ್ನೂ ತೆಗೆದು, ಯಾವ ಗುಂಡಿ ಒತ್ತಬೇಕೆಂದು ತೋರಿಸಿ, ಸತ್ಯವ್ವನ ಕೈಗೆ ಕೊಟ್ಟು ಬೆರಳು ಮಡಿಚಿದಳು. ಹಿಂದೆ ಕೊಡುವುದು ಬೇಡ ಎಂದು ಸನ್ನೆ ಮಾಡಿದಳು. “ಕುರೀಗಿ ಗೊತ್ತಾಗಬಾರದು ಮತ್ತ” ಎಂದು ಸತ್ಯವ್ವ ನಕ್ಕಳು.

ಜೀಪಿ‌ನ ಹಿಂಬದಿಯ ಸೀಟಿನಲ್ಲಿ ನಮಗೆ ಜಾಗ ಸಿಕ್ಕಿತ್ತು, ಮುಖ ವಸ್ತಿಯ ಕಡೆಗೇ ಇತ್ತು. ಹಿಂಡು ದೂರದ ಇಳಿಜಾರಿನಲ್ಲಿ ಮಾಯಪ್ಪನ ಸುತ್ತ ಮೇಯುತ್ತಿತ್ತು. ಸತ್ಯವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು, ತಲೆಯ ಸೆರಗು ಸರಿಸಿ ಎರಡೂ ಕಿವಿಗೆ ಸಿಕ್ಕಿಸಿಕೊಳ್ಳುವುದು ಕಾಣಿಸಿತು. ಮಾಳ ಅಷ್ಟು ಬಯಲು, ಕಣ್ಣಿಗೆ ಅಡ್ಡ ಏನೂ ಇಲ್ಲ. ಜೀಪು ತಿರುವಿಗೆ ಬರುವ ಹೊತ್ತಿಗೆ ಆಕೆಯ ಬೆರಳು ಗುಂಡಿ ಒತ್ತಿರಬೇಕು.

ಸತ್ಯವ್ವ ಎದ್ದು ನಿಂತಳು.